ಹಾರಿ ಬಿದ್ದ ಬಣ್ಣ

ಬಣ್ಣ ಬಳಿಯುವ ವಿದ್ಯೆಗೆ ಲೋಕದಲ್ಲಿ ಬಹುಕಾಲದಿಂದ ಮನ್ನಣೆಯುಂಟು. ಮನೆಯ ಗೋಡೆಗೆ ಚಿತ್ತಾರ ಬರೆದವರನ್ನೂ, ತೇರಿನ ಗೊಂಬೆಗಳಿಗೆ ಬಣ್ಣವಿಟ್ಟು ಕಣ್ಣು ತಿದ್ದಿದವರನ್ನೂ ಊರಿನವರು ಫಲತಾಂಬೂಲವಿತ್ತು ಗೌರವಿಸಿದ್ದಾರೆ. ಆದರೆ ಬೇಡದ ಕಡೆಯಲ್ಲಿ ಬಿದ್ದ ಬಣ್ಣವನ್ನು ತೆಗೆದುಹಾಕಿದವನಿಗೆ ಯಾರಾದರೂ ಶಾಲು ಹೊದಿಸಿದರೆಂಬ ವೃತ್ತಾಂತ ಎಲ್ಲಿಯೂ ಕೇಳಿಬಂದಿಲ್ಲ. ಕಾರಣ ಸ್ಪಷ್ಟವಾಗಿಯೇ ಇದೆ. ಬಳಿಯುವವನ ಕೆಲಸ ಮುಗಿದ ಮೇಲೆ ನೋಡಲು ಏನಾದರೊಂದು ಉಳಿಯುತ್ತದೆ. ತೆಗೆಯುವವನ ಕೆಲಸ ಚೆನ್ನಾಗಿ ಮುಗಿದರೆ ನೋಡಲು ಏನೂ ಉಳಿಯುವುದಿಲ್ಲ. ಅಲ್ಲಿ ಏನೂ ನಡೆದಿರಲೇ ಇಲ್ಲವೆಂಬಂತೆ ತೋರುವುದೇ ಅವನ ಕೆಲಸದ ಸಿದ್ಧಿ. ಅವನು ತಪ್ಪಿದಾಗ ಮಾತ್ರ ಅವನ ಕೈ ಎಲ್ಲರ ಕಣ್ಣಿಗೂ ಬೀಳುತ್ತದೆ. ಇಂಥ ನಿರಾಡಂಬರವಾದ ವಿದ್ಯೆಗಳಲ್ಲಿ ಒಂದು, ಕಾರಿನ ಮೈಮೇಲೆ ಹಾರಿ ಬಿದ್ದ ಬಣ್ಣವನ್ನು ತೆಗೆಯುವುದು. ವಿಷಯ ಅಲ್ಪವೆಂದು ತೋರಿದರೂ ಅದರಲ್ಲಿ ವಿಚಾರಕ್ಕೆ ಎಡೆ ಬೇಕಾದಷ್ಟಿದೆ.

ಹಸ್ತಪ್ರತಿಗಳ ಸಂಪಾದನೆಯಲ್ಲಿ ತೊಡಗಿದವರಿಗೆ ‘ಪ್ರಕ್ಷಿಪ್ತ’ವೆಂಬ ಶಬ್ದ ಸುಪರಿಚಿತವಾದುದು. ಕ್ಷಿಪ್ ಎಂಬ ಧಾತುವಿಗೆ ಎಸೆಯುವುದೆಂದು ಅರ್ಥ. ಕವಿ ಬರೆಯದೆ ಬೇರೆಯವರು ಎಸೆದುಹೋದ ಶ್ಲೋಕ ಪ್ರಕ್ಷಿಪ್ತ. ಆ ಶಬ್ದವನ್ನು ಮೂಲಾರ್ಥದಲ್ಲಿಯೇ ಹಿಡಿದರೆ, ಬೇರೆ ಯಾವುದೋ ವಸ್ತುವಿಗೆಂದು ಹೊರಟು ಗಾಳಿಯಲ್ಲಿ ತೇಲಿ ಬಂದು ಕಾರಿನ ಮೇಲೆ ಕುಳಿತ ಬಣ್ಣದ ಕಣಕ್ಕೆ ಇದಕ್ಕಿಂತ ಒಪ್ಪುವ ಹೆಸರು ದೊರೆಯಲಾರದು. ಗ್ರಂಥದ ಪ್ರಕ್ಷಿಪ್ತಕ್ಕೆ ಕರ್ತೃವಿನ ಉದ್ದೇಶವೊಂದು ಇರಬಹುದು; ಬಣ್ಣದ ಪ್ರಕ್ಷಿಪ್ತಕ್ಕೆ ಉದ್ದೇಶವೇ ಇಲ್ಲ. ಗಾಳಿ ಬೀಸಿತು, ಕಣ ಹಾರಿತು, ಎದುರಿಗೆ ಕಾರು ನಿಂತಿತ್ತು, ಇಷ್ಟೇ.

ಅದು ಹಾರುವ ಬಗೆಯನ್ನು ಮೊದಲು ತಿಳಿಯುವುದು ಒಳ್ಳೆಯದು. ಈಗ ಕಬ್ಬಿಣದ ಗೇಟು, ಕಿಟಕಿಯ ಸರಳು ಮುಂತಾದುವುಗಳಿಗೆ ಬಣ್ಣವನ್ನು ಕುಂಚದಿಂದ ಬಳಿಯುವುದು ಕಡಮೆಯಾಗಿ, ಕಂಪ್ರೆಸರಿನ ಗಾಳಿಯ ಒತ್ತಡದಿಂದ ಸ್ಪ್ರೇ ಗನ್ನಿನಲ್ಲಿ ಸಿಂಪಡಿಸುವುದು ಹೆಚ್ಚಾಗಿದೆ. ಹಳೆಯ ಮಾದರಿಯ ಗನ್ನಿನಿಂದ ಹೊರಟ ಬಣ್ಣದಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಗುರಿಯಾದ ವಸ್ತುವಿನ ಮೇಲೆ ನಿಲ್ಲುತ್ತದೆ. ಉಳಿದದ್ದು ಮಂಜಾಗಿ ಗಾಳಿಗೆ ಸೇರುತ್ತದೆ. ಒತ್ತಡ ತಗ್ಗಿಸಿ ಗಾಳಿಯ ಪ್ರಮಾಣ ಹೆಚ್ಚಿಸಿದ ಹೊಸ ಬಗೆಯ ಗನ್ನುಗಳಲ್ಲಿ ನೂರಕ್ಕೆ 65 ಪಾಲಿನವರೆಗೆ ಬಣ್ಣ ವಸ್ತುವನ್ನು ಸೇರುವುದುಂಟು. ಆದರೆ ಸಿಂಪಡಿಸುವ ವಸ್ತು ಗೇಟಾದರೆ ಈ ಲೆಕ್ಕವೂ ಕೆಡುತ್ತದೆ. ಯಾತಕ್ಕೆಂದರೆ ಗೇಟಿನಲ್ಲಿ ಕಬ್ಬಿಣಕ್ಕಿಂತ ಬಯಲೇ ಹೆಚ್ಚು. ಸರಳಿಗೆಂದು ಬಿಟ್ಟ ಬಣ್ಣ ಸಂದಿನಲ್ಲಿ ನುಗ್ಗಿ ಆಚೆಗೆ ಹೋಗುತ್ತದೆ. ಹಾಗೆ ಹೋದ ಹನಿ ದಾರಿಯಲ್ಲಿಯೇ ಒಣಗಿದರೆ ಧೂಳಾಗಿ ಬೀಳುತ್ತದೆ, ನೀರು ಹೊಯ್ದರೆ ತೊಳೆದು ಹೋಗುತ್ತದೆ. ಹಸಿಯಾಗಿಯೇ ಬಂದು ಬಿದ್ದು ಬಿದ್ದಲ್ಲಿ ಒಣಗಿದರೆ ಅಂಟಿ ಕೂರುತ್ತದೆ. ಎಣ್ಣೆಯ ಬಣ್ಣಗಳು ನಿಧಾನವಾಗಿ ಒಣಗುವುವಾದ್ದರಿಂದ ಅವುಗಳ ಹಾವಳಿಯೇ ಹೆಚ್ಚು.

ಚಿತ್ರದುರ್ಗದ ಸೀಮೆಯಲ್ಲಿ ಆಷಾಢದ ಗಾಳಿಯನ್ನು ಬಲ್ಲವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾದುದಿಲ್ಲ. ಜೋಗಿಮಟ್ಟಿಯ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿ ವಿದ್ಯುತ್ತನ್ನು ತೆಗೆಯುವುದು ಆ ಗಾಳಿಯ ಬಲದಿಂದಲೇ. ಆ ತಿಂಗಳಿನಲ್ಲಿ ಮದುವೆಗಳಿಲ್ಲ. ಬಾಡಿಗೆಯ ಕಾರುಗಳು ನಿಂತಲ್ಲಿಯೇ ನಿಂತಿರುತ್ತವೆ. ಶ್ರಾವಣಕ್ಕೆ ಮುಂಚೆ ಮನೆ ಸಿಂಗರಿಸಬೇಕೆಂದು ಗೇಟು ಮಾಡಿಸುವವರು ಮಾತ್ರ ಅವಸರಪಡುತ್ತಾರೆ. ಹೀಗೆ ಗಾಳಿಯೂ, ನಿಂತ ಕಾರೂ, ಸಿಂಪಡಿಸುವ ಗನ್ನೂ ಒಂದೇ ಕಾಲದಲ್ಲಿ ಒಂದೇ ಬೀದಿಯಲ್ಲಿ ಸೇರುವ ಯೋಗ ಆಷಾಢಕ್ಕೆ ವಿಶೇಷವಾದುದು.

ಆ ಸೀಮೆಯ ಒಂದು ತಾಲ್ಲೂಕು ಪೇಟೆಯಲ್ಲಿ, ಕಾರ್ ಸ್ಟ್ಯಾಂಡಿನ ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿಯೊಂದುಂಟು. ಅಲ್ಲಿ ಕೂಲಿಗೆ ಬರುವ ಹುಡುಗನೊಬ್ಬ ಒಂದು ಮಧ್ಯಾಹ್ನ ಎರಡು ದೊಡ್ಡ ಗೇಟುಗಳನ್ನು ಬೀದಿಯ ಅಂಚಿನಲ್ಲಿ ಒರಗಿಸಿ, ಮುಖಕ್ಕೆ ಟವಲು ಕಟ್ಟಿಕೊಂಡು, ತುಕ್ಕು ಹಿಡಿಯದಂತೆ ಮೊದಲು ಹೊಡೆಯುವ ರೆಡ್ ಆಕ್ಸೈಡನ್ನು ಸಿಂಪಡಿಸಿದನು. ಗಾಳಿ ಅಂಗಡಿಯ ಕಡೆಯಿಂದ ಸ್ಟ್ಯಾಂಡಿನ ಕಡೆಗೆ ಬೀಸುತ್ತಿತ್ತು. ಅಲ್ಲಿ ನಿಂತಿದ್ದ ಬಿಳಿಯ ಕಾರಿನ ಒಡೆಯನು ಊಟ ಮುಗಿಸಿ ಬಂದು ನೋಡುವ ಹೊತ್ತಿಗೆ, ಬಾನೆಟ್ಟಿನಿಂದ ಹಿಡಿದು ಎಡಗಡೆಯ ಎರಡು ಬಾಗಿಲುಗಳವರೆಗೆ ಕಾವಿಯ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು ದಡಾರವೆದ್ದಂತೆ ಎದ್ದಿದ್ದವು.

ಆ ಕಾರು ಅವನ ಕುಟುಂಬದ ಅನ್ನ. ಎರಡು ವರ್ಷಗಳ ಹಿಂದೆ ಬೇರೊಬ್ಬರು ಓಡಿಸಿದ್ದನ್ನು ಸಾಲ ಮಾಡಿ ಕೊಂಡಿದ್ದನು. ಶ್ರಾವಣದ ಮೊದಲ ಮುಹೂರ್ತಕ್ಕೆ ಮದುಮಕ್ಕಳನ್ನು ಕೂರಿಸಿಕೊಂಡು ಹೋಗುವ ಬಾಡಿಗೆಗೆ ಮುಂಗಡವನ್ನೂ ಹಿಡಿದಿದ್ದನು. ಕೋಪ ಬಂದುದರಲ್ಲಿ ಆಶ್ಚರ್ಯವಿಲ್ಲ. ಆದರೂ ಆತನು ವಿವೇಕಿಯೇ. ಅಂಗಡಿಯಿಂದ ಥಿನ್ನರಿನ ಡಬ್ಬಿಯನ್ನು ತರಿಸಿ, ಒಂದು ಬಟ್ಟೆಯ ತುದಿಯನ್ನು ಅದ್ದಿ, ಮೊದಲು ಹಿಂದಿನ ಬಾಗಿಲಿನ ಕೆಳಗೆ, ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಅಂಗುಲದಷ್ಟು ಒರೆಸಿ ನೋಡಿದನು. ಕಾವಿ ಬಟ್ಟೆಗೆ ಬಂದಿತು. ಕೆಳಗಿನ ಬಿಳುಪು ಹೊಳಪಿನೊಡನೆ ಹಾಗೆಯೇ ಉಳಿಯಿತು. ಪರೀಕ್ಷೆ ಫಲಿಸಿತೆಂದು ತಿಳಿದು ಬಾನೆಟ್ಟಿಗೆ ಹೋಗಿ, ಅಲ್ಲಿ ಧಾರಾಳವಾಗಿ ಥಿನ್ನರು ಹಾಕಿ ಎರಡು ಸಲ ತಿಕ್ಕಿದನು. ಮೊದಲನೆಯ ಸಲ ಬಟ್ಟೆಗೆ ಕಾವಿ ಹತ್ತಿತು. ಎರಡನೆಯ ಸಲ ಕಾವಿಯ ಜೊತೆಗೆ ಬಿಳುಪೂ ಹತ್ತಿತು. ಬಟ್ಟೆ ಎತ್ತಿದಾಗ ಅಂಗೈಯಗಲದ ಜಾಗದಲ್ಲಿ ಬಿಳಿಯ ಬಣ್ಣ ಮೊಸರಿನಂತೆ ಮುದ್ದೆಗಟ್ಟಿ, ನಡುವೆ ಬೂದು ಬಣ್ಣದ ಪ್ರೈಮರು ಕಾಣುತ್ತಿತ್ತು.

ಸ್ಥಾಲೀಪುಲಾಕನ್ಯಾಯವನ್ನು ಎಲ್ಲರೂ ಬಲ್ಲರು. ಮಡಕೆಯ ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು, ಎಲ್ಲವನ್ನೂ ಹಿಸುಕಬೇಕಾಗಿಲ್ಲ. ಆತನು ಮಾಡಿದುದು ಶಾಸ್ತ್ರಸಮ್ಮತವಾದ ಆ ಪರೀಕ್ಷೆಯನ್ನೇ. ಹಾಗಾದರೆ ತಪ್ಪಿದುದೆಲ್ಲಿ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಅದೇ ಬೀದಿಯ ಕೊನೆಯಲ್ಲಿ ನಲವತ್ತು ವರ್ಷಗಳಿಂದ ಟಿಂಕರಿಂಗು, ಪೇಂಟಿಂಗು ಕೆಲಸ ಮಾಡಿಕೊಂಡಿರುವ ವೃದ್ಧ ಮೇಸ್ತ್ರಿಯಿಂದ. ಅವರು ಬಂದು, ಬಾನೆಟ್ಟಿನ ಕಡೆ ಒಂದು ಸಲ, ಬಾಗಿಲಿನ ಕಡೆ ಒಂದು ಸಲ ನೋಡಿ,

“ಬಾಗಿಲು ಕಂಪನಿದು, ತಮ್ಮಾ. ಬಾನೆಟ್ಟು ನಂದು” ಎಂದರು.

“ನಿಮ್ದು ಅಂದ್ರೆ, ಮೇಸ್ತ್ರೀ?”

“ಹಿಂದಿನ ಯಜಮಾನ್ರು ಈ ಗಾಡಿನ ಮರಕ್ಕೆ ಗುದ್ದಿದ್ರು. ಬಾನೆಟ್ಟು ತಟ್ಟಿ, ಪಟ್ಟಿ ತುಂಬಿ, ಬಣ್ಣ ಹೊಡದೋನು ನಾನೇ. ನೀನು ತಗೊಳ್ಳೋವಾಗ ಯಾರೂ ಹೇಳ್ಲಿಲ್ವಾ?”

ಯಾರೂ ಹೇಳಿರಲಿಲ್ಲ. ಬಣ್ಣ ಕಿತ್ತುಹೋದ ವ್ಯಸನದ ಮೇಲೆ ಈ ಸಂಗತಿಯೂ ಆತನಿಗೆ ಆ ದಿನವೇ ತಿಳಿಯಬೇಕಾಯಿತು.

ಇಲ್ಲಿ ಬಣ್ಣಗಳ ಸ್ವಭಾವವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಕಾರ್ಖಾನೆಯಲ್ಲಿ ಹೊಡೆಯುವ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದ ಗೂಡಿನಲ್ಲಿ ಬೇಯಿಸುತ್ತಾರೆ. ಆ ಶಾಖದಲ್ಲಿ ಅದರ ಕಣಗಳು ಒಂದಕ್ಕೊಂದು ರಾಸಾಯನಿಕವಾಗಿ ಹೆಣೆದುಕೊಳ್ಳುತ್ತವೆ. ಮಣ್ಣಿನ ಮಡಕೆ ಆವಿಗೆಯಲ್ಲಿ ಬೆಂದ ಮೇಲೆ ಮತ್ತೆ ನೀರಿನಲ್ಲಿ ಕರಗದಿರುವ ಹಾಗೆ, ಈ ಬಣ್ಣವೂ ಥಿನ್ನರಿನ ಕ್ಷಣಕಾಲದ ಸ್ಪರ್ಶವನ್ನು ತಾಳಿಕೊಳ್ಳುತ್ತದೆ. ಊರಿನ ಶೆಡ್ಡಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಎನ್. ಸಿ. ಬಣ್ಣ, ಎಂದರೆ ನೈಟ್ರೋಸೆಲ್ಯುಲೋಸಿನಿಂದ ಮಾಡಿದ ಬಣ್ಣ, ಬೇರೆ ಜಾತಿಯದು. ಅಮೆರಿಕದ ಡ್ಯೂಪಾಂಟ್ ಸಂಸ್ಥೆಯವರು ‘ಡ್ಯೂಕೋ’ ಎಂಬ ಹೆಸರಿನಿಂದ ಇದನ್ನು ಹೊರತಂದು, ಜನರಲ್ ಮೋಟಾರ್ಸಿನವರು 1924ರ ಮಾದರಿಯ ಓಕ್‌ಲೆಂಡ್ ಕಾರುಗಳಿಗೆ ಹೊಡೆದಾಗ, ಅದು ಆ ಉದ್ಯಮಕ್ಕೆ ದೊಡ್ಡ ವರವಾಯಿತು. ಅದಕ್ಕೆ ಮುಂಚೆ ವಾರ್ನಿಷಿನ ಪದರಗಳನ್ನು ಒಂದರ ಮೇಲೊಂದು ಬಳಿದು ವಾರಗಟ್ಟಲೆ ಒಣಗಿಸಬೇಕಾಗುತ್ತಿತ್ತು. ಡ್ಯೂಕೋ ಎಂಬ ಹೆಸರು ಇಂದಿಗೂ ಇಲ್ಲಿಯ ಬಡಗಿಗಳ ಮತ್ತು ಪೇಂಟರುಗಳ ಬಾಯಲ್ಲಿ ಉಳಿದಿದೆ. ಅದು ಬೇಗ ಒಣಗುವುದಕ್ಕೆ ಕಾರಣ, ಅದರೊಳಗಿನ ಥಿನ್ನರು ಆರಿಹೋಗುವುದೇ ಅದರ ಒಣಗುವಿಕೆ ಎಂಬುದು. ಅಲ್ಲಿ ಬೇಯುವುದಿಲ್ಲ, ಹೆಣೆಯುವುದಿಲ್ಲ. ಆದ್ದರಿಂದ ಹತ್ತು ವರ್ಷಗಳ ಮೇಲೆ ಥಿನ್ನರು ಸೋಕಿದರೂ ಬೆಲ್ಲಕ್ಕೆ ನೀರು ಸೋಕಿದಂತೆ ಕರಗುತ್ತದೆ.

ಒಂದು ಅಗುಳಿನಿಂದ ಮಡಕೆಯ ಅನ್ನವನ್ನೆಲ್ಲ ತಿಳಿಯಬಹುದೆಂಬ ನ್ಯಾಯ ನಿಲ್ಲುವುದು, ಅನ್ನವೆಲ್ಲ ಒಂದೇ ಮಡಕೆಯಲ್ಲಿ ಬೆಂದಿದ್ದರೆ ಮಾತ್ರ. ಗಾಯಗೊಂಡು ಮಾಗಿದ ಕಾರು ಒಂದೇ ಮಡಕೆಯಲ್ಲ. ಬಾಗಿಲು ಒಂದು ಒಲೆಯಲ್ಲಿ ಬೆಂದಿರುತ್ತದೆ, ಬಾನೆಟ್ಟು ಇನ್ನೊಂದು ಒಲೆಯನ್ನು ನೋಡಿಯೇ ಇರುವುದಿಲ್ಲ. ಮೇಲ್ನೋಟಕ್ಕೆ ಎರಡೂ ಬಿಳುಪು. ಹಾಗಿರುವಲ್ಲಿ ಭಾಗಭಾಗಕ್ಕೂ ಬೇರೆ ಬೇರೆಯಾಗಿಯೇ ಪರೀಕ್ಷೆ ನಡೆಯತಕ್ಕದ್ದು. ಶಾಲೆಯಲ್ಲಿ ನ್ಯಾಯಗಳನ್ನು ಬಾಯಿಪಾಠ ಮಾಡಿದವರು ಅವು ಎಲ್ಲಿಯವರೆಗೆ ಸಲ್ಲುತ್ತವೆಂಬುದನ್ನು ಕೇಳುವುದು ಅಪರೂಪ. ಟಿಂಕರಿಂಗ್ ಮೇಸ್ತ್ರಿಗೆ ಅದು ಕೈಯಿಂದಲೇ ತಿಳಿದಿತ್ತು.

ಅಷ್ಟರಲ್ಲಿ ಜನ ಸೇರಿದರು. ಕಾರಿನ ಒಡೆಯನು, ಇಡೀ ಗಾಡಿಗೆ ಹೊಸ ಬಣ್ಣ ಹೊಡೆಸಿಕೊಡಬೇಕೆಂದು ಪಟ್ಟು ಹಿಡಿದನು. ಅಂಗಡಿಯ ಯಜಮಾನನು, ಬೀಸುವ ಗಾಳಿಗೆ ಹೊಣೆ ತಾನಲ್ಲವೆಂದೂ, ಗನ್ನು ಹಿಡಿದವನು ನೋಡಿಕೊಳ್ಳಬೇಕಾಗಿತ್ತೆಂದೂ ಹೇಳಿ ಕೈತೊಳೆದುಕೊಳ್ಳಲು ನೋಡಿದನು. ಹುಡುಗನು ಕೈಯಲ್ಲಿ ಟವಲು ಹಿಡಿದು ನಿಂತಿದ್ದನು. ಒಂದು ಕಾರಿಗೆ ಪೂರ್ತಿಯಾಗಿ ಬಣ್ಣ ಹೊಡೆಸುವ ವೆಚ್ಚವೆಂದರೆ ಅವನ ಹಲವು ತಿಂಗಳ ಕೂಲಿ. ಅವನು, “ಅಣ್ಣಾ, ತಪ್ಪಾಯ್ತು” ಎಂದನೇ ಹೊರತು ಬೇರೆ ಮಾತಾಡಲಿಲ್ಲ.

ಮೇಸ್ತ್ರಿ ಒಡೆಯನಿಗೆ ಹೇಳಿದ ಮಾತು ಇಷ್ಟೇ: “ನೋಡಪ್ಪಾ, ಕಂಪನಿ ಬಣ್ಣ ಒಂದ್ಸಲ ಹೋದ್ರೆ ನಾನು ಹೊಡೆದ್ರೂ ಬರಲ್ಲ, ಬೇರೆಯವರು ಹೊಡೆದ್ರೂ ಬರಲ್ಲ. ಬಾಗಿಲ ಮೇಲೆ ಅದು ಚೆನ್ನಾಗೇ ಇದೆ. ಅದರ ಮೇಲಿರೋ ಧೂಳಿಗೋಸ್ಕರ ಅದನ್ನ ಯಾಕೆ ಕಳಕೋತೀಯಾ? ಧೂಳನ್ನ ಈ ಹುಡುಗನ ಕೈಲೇ ತೆಗಸ್ತೀನಿ. ಬಾನೆಟ್ಟಿನ ಮಾತು ಆಮೇಲೆ.”

ಆ ಮಾತಿನಲ್ಲಿದ್ದ ತಥ್ಯವನ್ನು ಅಳತೆಯಿಂದಲೂ ತೋರಿಸಬಹುದು. ಕಾರ್ಖಾನೆಯ ಬಣ್ಣದ ಪದರಗಳೆಲ್ಲವೂ, ತುಕ್ಕು ತಡೆಯುವ ಅಡಿಲೇಪದಿಂದ ಮೇಲಿನ ಹೊಳಪಿನವರೆಗೆ, ಒಟ್ಟು ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನುಗಳಷ್ಟು ದಪ್ಪವಿರುತ್ತವೆ. ಮೈಕ್ರಾನೆಂದರೆ ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನುಗಳೆಂದು ಹಿಡಿದರೆ, ಹೆಚ್ಚು ಕಡಮೆ ಎರಡು ಕೂದಲುಗಳ ದಪ್ಪದಲ್ಲಿ ಎಲ್ಲವೂ ಅಡಗಿದೆ. ಬಣ್ಣದ ಮೇಲೆ ಪಾರದರ್ಶಕವಾದ ಲೇಪವುಳ್ಳ ಕಾರುಗಳಲ್ಲಿ ಆ ಲೇಪ 40ರಿಂದ 50 ಮೈಕ್ರಾನುಗಳು ಮಾತ್ರ. ಬಿಸಿಲು ಮಳೆಗಳನ್ನು ತಡೆಯುವುದು ಅದೇ. ವಾಟರ್ ಪೇಪರಿನಿಂದಲೋ ಒರಟಾದ ಕಾಂಪೌಂಡಿನಿಂದಲೋ ತಿಕ್ಕಿದಷ್ಟು ಸಲವೂ ಇದರಲ್ಲಿ ಸ್ವಲ್ಪ ಸವೆಯುತ್ತದೆ, ಸವೆದುದು ಮರಳುವುದಿಲ್ಲ. ಚರ್ಮಕ್ಕೆ ಗಾಯವಾದರೆ ಮತ್ತೆ ಬೆಳೆಯುತ್ತದೆ. ಕಾರಿನ ಚರ್ಮಕ್ಕೆ ಆ ಭಾಗ್ಯವಿಲ್ಲ.

ಆಗ ನಡೆದ ಕೆಲಸದ ಕ್ರಮ ಸೂಚೀಕಟಾಹನ್ಯಾಯಕ್ಕೆ ಒಪ್ಪುವಂಥದು. ಸೂಜಿಯನ್ನೂ ಕೊಪ್ಪರಿಗೆಯನ್ನೂ ಮಾಡಿಕೊಡೆಂದು ಇಬ್ಬರು ಬಂದು ಕೇಳಿದರೆ, ಕಮ್ಮಾರನು ಮೊದಲು ಸೂಜಿಯನ್ನು ಮುಗಿಸುತ್ತಾನೆ. ಹಗುರವಾದುದು ಮೊದಲು, ಭಾರವಾದುದು ಕೊನೆಗೆ. ಹಾರಿ ಬಿದ್ದ ಬಣ್ಣದ ವಿಷಯದಲ್ಲಿ ಈ ನ್ಯಾಯಕ್ಕೆ ಇನ್ನೊಂದು ಪ್ರಯೋಜನವೂ ಉಂಟು. ಹಗುರವಾದ ಉಪಾಯದಿಂದಲೇ ಕೆಲಸವಾದರೆ ಭಾರವಾದುದರ ಅವಶ್ಯಕತೆಯೇ ತಪ್ಪುತ್ತದೆ.

ಮೊದಲು ಕಾರನ್ನು ನೆರಳಿಗೆ ತಳ್ಳಿದರು. ಬಿಸಿಲಿನಲ್ಲಿ ಕಾದ ತಗಡಿನ ಮೇಲೆ ಸೋಪಿನ ನೀರೂ ಎಣ್ಣೆಯೂ ಕೆಲಸ ಮಾಡುವ ಮೊದಲೇ ಒಣಗಿ ಕಲೆಯಾಗುತ್ತವೆ. ನೀರು ಧಾರಾಳವಾಗಿ ಹೊಯ್ದು, ಶಾಂಪೂ ನೀರಿನಿಂದ ಮಣ್ಣು ಮರಳುಗಳನ್ನೆಲ್ಲ ತೊಳೆದರು. ಮರಳು ಉಳಿದಿರುವಾಗ ತಿಕ್ಕಿದರೆ ತಿಕ್ಕುವ ಬಟ್ಟೆಯೇ ಉಪ್ಪುಕಾಗದವಾಗುತ್ತದೆ. ಒಣಗಿ ಬಿದ್ದ ಕಣಗಳು ಇಷ್ಟರಿಂದಲೇ ಹೋದವು. ಆಮೇಲೆ ಮೇಸ್ತ್ರಿ ತೆಳುವಾದ ಪ್ಲಾಸ್ಟಿಕ್ ಚೀಲವೊಂದರಲ್ಲಿ ಹುಡುಗನ ಕೈಯನ್ನು ತೂರಿಸಿ, ಬಾಗಿಲಿನ ಮೇಲೆ ಮೆಲ್ಲಗೆ ಆಡಿಸೆಂದರು. ಬರಿಗೈಗೆ ನುಣುಪೆಂದು ತೋರುವ ಜಾಗವೂ ಚೀಲದೊಳಗಿನ ಬೆರಳಿಗೆ ತರಿತರಿಯಾಗಿ ತಿಳಿಯುತ್ತದೆ. ಎಲ್ಲಿ ತರಿ ಇದೆಯೋ ಅಲ್ಲಿ ಕೆಲಸ ಉಳಿದಿದೆ. ಎಲ್ಲಿ ಬೆರಳು ಜಾರುತ್ತದೆಯೋ ಅಲ್ಲಿ ಮುಗಿದಿದೆ. ಕಣ್ಣು ಮೋಸ ಹೋಗುವಲ್ಲಿ ಬೆರಳು ಹೋಗುವುದಿಲ್ಲ.

ಎರಡನೆಯದು ಟರ್ಪೆಂಟೈನು. ಎಣ್ಣೆಯ ಬಣ್ಣ ಹೊಸದಾಗಿ ಬಿದ್ದಿದ್ದರೆ ಅದು ಮೆತ್ತಗಾಗುವುದು ಇದರಿಂದ. ಕೆಳಗಿನ ಬೆಂದ ಬಣ್ಣಕ್ಕೆ ಇದು ಥಿನ್ನರಿನಷ್ಟು ಉಗ್ರವಲ್ಲ. ಮೆತ್ತನೆಯ ಬಟ್ಟೆಯನ್ನು ಅದರಲ್ಲಿ ನೆನೆಸಿ ಚುಕ್ಕೆಗಳ ಮೇಲೆ ಸ್ವಲ್ಪ ಹೊತ್ತು ಒತ್ತಿಟ್ಟು, ತಿಕ್ಕದೆ ಎತ್ತಿ, ಒಡನೆಯೇ ಸೋಪಿನ ನೀರಿನಿಂದ ತೊಳೆಯುವುದು ಕ್ರಮ. ಕೆಲವರು ಈ ಕೆಲಸಕ್ಕೆ ಪೆಟ್ರೋಲನ್ನು ಉಪಯೋಗಿಸುವುದುಂಟು. ಅದರ ಆವಿಗೆ ಕಿಡಿ ತಗಲಿದರೆ ಚುಕ್ಕೆಯ ಜೊತೆಗೆ ಕಾರೂ ಹೋಗುತ್ತದೆ, ಕೆಲವು ವೇಳೆ ಮನುಷ್ಯನೂ ಹೋಗುತ್ತಾನೆ. ವೆಲ್ಡಿಂಗ್ ಅಂಗಡಿಯ ಪಕ್ಕದಲ್ಲಂತೂ ಅದರ ಹೆಸರನ್ನೂ ಎತ್ತಬಾರದು.

ಮೂರನೆಯದೇ ಈ ವಿದ್ಯೆಯ ಸಾರ. ಮೇಸ್ತ್ರಿ ದಾವಣಗೆರೆಯಿಂದ ತರಿಸಿಟ್ಟಿದ್ದ, ಸೋಪಿನ ಬಿಲ್ಲೆಯಷ್ಟು ದೊಡ್ಡದಾದ ಮೆತ್ತನೆಯ ಮುದ್ದೆಯೊಂದನ್ನು ತೆಗೆದರು. ಇದನ್ನು ಕ್ಲೇ ಎನ್ನುತ್ತಾರೆ. ಹೆಸರಿಗೆ ಜೇಡಿಮಣ್ಣಾದರೂ ಇದು ಕೃತಕವಾದ ಮೇಣದಂಥ ವಸ್ತುವಿನಲ್ಲಿ ಅತಿ ಸೂಕ್ಷ್ಮವಾದ ಸಾಣೆಯ ಪುಡಿಯನ್ನು ಕಲಸಿ ಮಾಡಿದುದು. ಜಪಾನಿನ ತದಾವೋ ಕೊಡಾಟೆ ಎಂಬವರು ಇಂಥದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟು ಪಡೆದರು. ಕಾರಿನ ಮೇಲೆ ಸೋಪಿನ ನೀರನ್ನು ಚಿಮುಕಿಸಿ, ಈ ಮುದ್ದೆಯನ್ನು ಚಪ್ಪಟೆ ಮಾಡಿ, ಭಾರ ಬಿಡದೆ ನೇರವಾಗಿ ಹಿಂದಕ್ಕೂ ಮುಂದಕ್ಕೂ ಜಾರಿಸಬೇಕು. ನೀರಿನ ಪೊರೆಯಿಂದಾಗಿ ಮುದ್ದೆ ಸಮವಾದ ಜಾಗದ ಮೇಲೆ ಹಿಡಿಯದೆ ಜಾರುತ್ತದೆ. ಮಟ್ಟದಿಂದ ಮೇಲೆ ತಲೆಯೆತ್ತಿರುವ ಕಣವನ್ನು ಮಾತ್ರ ತಡವಿ, ಕತ್ತರಿಸಿ, ತನ್ನೊಳಕ್ಕೆ ತೆಗೆದುಕೊಳ್ಳುತ್ತದೆ. ತನ್ನದು ಯಾವುದು, ಹೊರಗಿನದು ಯಾವುದು ಎಂಬ ವಿವೇಕವನ್ನು ಇಷ್ಟು ಚೆನ್ನಾಗಿ ತೋರುವ ಜಡವಸ್ತು ಇನ್ನೊಂದು ದೊರೆಯುವುದು ಕಷ್ಟ. ನಡುನಡುವೆ ಅದನ್ನು ಮಡಿಸಿ ನಾದಿ ಹೊಸ ಮುಖವನ್ನು ಹೊರಕ್ಕೆ ತರಬೇಕು. ಕೈತಪ್ಪಿ ನೆಲಕ್ಕೆ ಬಿದ್ದರೆ ಆ ಮುದ್ದೆಯನ್ನು ಎಸೆದುಬಿಡಬೇಕು. ಹತ್ತಿಕೊಂಡ ಮರಳು ಕಾರಿನ ಮೇಲೆ ಗೀರು ಬರೆಯುತ್ತದೆ.

ಹುಡುಗನು ಮೂರು ಸಂಜೆ ಈ ಕೆಲಸ ಮಾಡಿದನು. ಮೊದಲನೆಯ ಸಂಜೆ ಅವಸರದಲ್ಲಿ ಒತ್ತಿದನು. ಮೇಸ್ತ್ರಿ ಅವನ ಮಣಿಕಟ್ಟನ್ನು ಹಿಡಿದು, “ಮಗಾ, ಉಜ್ಜಬೇಡ, ಸವರು” ಎಂದು ಎರಡು ಮೂರು ಸಲ ತಾವೇ ನಡೆಸಿ ತೋರಿಸಿದರು. ಎರಡನೆಯ ಸಂಜೆ ಕೈ ಹದಕ್ಕೆ ಬಂದಿತು. ಅಲ್ಲಿಯವರೆಗೆ ದೂರದಲ್ಲಿ ಮುಖ ತಿರುಗಿಸಿ ನಿಂತಿದ್ದ ಕಾರಿನ ಒಡೆಯನು, ಮೂರನೆಯ ಸಂಜೆ ತಾನೇ ನೀರು ಚಿಮುಕಿಸಲು ನಿಂತನು.

ಕಾರಿನ ಮೈಯೆಲ್ಲ ತಗಡಲ್ಲವಾದ್ದರಿಂದ ಅಂಗಗಳಿಗೆ ತಕ್ಕಂತೆ ಉಪಾಯವೂ ಬೇರೆಯಾಗುತ್ತದೆ. ಗಾಜು ಗಟ್ಟಿಯಾದುದು, ಸೋಪಿನ ನೀರು ಹಚ್ಚಿ ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಹೆರೆದರೆ ಚುಕ್ಕೆ ಎದ್ದು ಬರುತ್ತದೆ. ಮುಂದಿನ ದೀಪದ ಮುಚ್ಚಳ ಗಾಜಿನಂತೆ ಕಂಡರೂ ಈಗಿನ ಕಾರುಗಳಲ್ಲಿ ಪಾಲಿಕಾರ್ಬೊನೇಟೆಂಬ ಪ್ಲಾಸ್ಟಿಕ್ಕು. ಥಿನ್ನರು ಸೋಕಿದರೆ ಒಳಗೊಳಗೇ ಬಿರುಕು ಬಿಟ್ಟು ಮಬ್ಬಾಗುತ್ತದೆ. ಕಿಟಕಿಯ ರಬ್ಬರಿಗೆ ಟರ್ಪೆಂಟೈನೂ ಹಿತವಲ್ಲ. ಹಾಗೆಯೇ ಹಾರಿ ಬಿದ್ದುದರ ಜಾತಿಯನ್ನೂ ನೋಡಬೇಕು. ಗೋಡೆಗೆ ಹೊಡೆಯುವ ಎಮಲ್ಷನ್ನು ಹಸಿಯಾಗಿದ್ದಾಗ ನೀರಿಗೇ ಹೋಗುತ್ತದೆ, ಒಣಗಿದ ಮೇಲೆ ನೆನೆಸಿ ಮೆತ್ತಗೆ ಮಾಡಬೇಕು. ಎರಡು ಡಬ್ಬಿಗಳಿಂದ ಬೆರಸಿ ಹೊಡೆಯುವ ಪಾಲಿಯುರಿಥೇನ್, ಇಪಾಕ್ಸಿ ಮುಂತಾದವು ಒಮ್ಮೆ ಬಲಿತ ಮೇಲೆ ಸುಲಭವಾದ ದ್ರವಗಳಿಗೆ ಬಗ್ಗುವುದಿಲ್ಲ. ಅಲ್ಲಿ ಕ್ಲೇಯೂ ತಾಳ್ಮೆಯೂ ಮಾತ್ರ ಗತಿ. ಯಾವುದು ಬಿದ್ದಿದ್ದರೂ, ಬಿದ್ದ ದಿನವೇ ನೋಡಿದವನಿಗೆ ಶ್ರಮ ಕಡಮೆ.

ಸಂಸ್ಕೃತದ ವಿದ್ವಾಂಸರು ಇದೇ ಬಗೆಯ ಕೆಲಸವನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡಿದುದುಂಟು. ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು 1919ರಲ್ಲಿ ಆರಂಭಿಸಿದ ಮಹಾಭಾರತದ ಪರಿಷ್ಕರಣವು 1966ರಲ್ಲಿ ಮುಗಿಯಿತು. 1925ರಿಂದ 1943ರಲ್ಲಿ ತೀರಿಕೊಳ್ಳುವವರೆಗೆ ಅದರ ಪ್ರಧಾನ ಸಂಪಾದಕರಾಗಿದ್ದ ವಿ. ಎಸ್. ಸುಕ್ತಂಕರರೂ ಅವರ ತರುವಾಯದವರೂ, ನಾನಾ ಲಿಪಿಗಳ ಪ್ರತಿಗಳನ್ನು ಹೋಲಿಸಿ, ನಡುವೆ ಸೇರಿಕೊಂಡಿದ್ದ ಶ್ಲೋಕಗಳನ್ನು ಮೂಲದಿಂದ ಬೇರ್ಪಡಿಸಿದರು. ಅಲ್ಲಿಯೂ ಕಾರಿನ ಬಾನೆಟ್ಟಿನಂಥ ಕಷ್ಟವಿದ್ದೇ ಇತ್ತು. ಒಂದು ಪ್ರಾಂತದ ಪ್ರತಿಗೆ ಸಲ್ಲುವ ಪರೀಕ್ಷೆ ಇನ್ನೊಂದು ಪ್ರಾಂತದ್ದಕ್ಕೆ ಸಲ್ಲುತ್ತಿರಲಿಲ್ಲ. ಆದರೆ ಆ ಮಹನೀಯರಿಗೆ ಒಂದು ಸೌಕರ್ಯವಿತ್ತು. ತೆಗೆದ ಶ್ಲೋಕಗಳನ್ನು ಅವರು ನಾಶ ಮಾಡಲಿಲ್ಲ. ಅಡಿಟಿಪ್ಪಣಿಗಳಲ್ಲಿಯೂ ಅನುಬಂಧಗಳಲ್ಲಿಯೂ ಅಚ್ಚುಹಾಕಿಸಿದರು. ಒಂದು ವೇಳೆ ತೆಗೆದುದು ಸರಿಯಲ್ಲವೆಂದು ಮುಂದಿನವರಿಗೆ ತೋರಿದರೆ ಮತ್ತೆ ತಂದು ಕೂಡಿಸಲು ದಾರಿ ಉಂಟು. ಕಾರಿನ ಮೇಸ್ತ್ರಿಗೆ ಅಡಿಟಿಪ್ಪಣಿಯಿಲ್ಲ. ಬಟ್ಟೆಗೆ ಬಂದ ಬಿಳುಪನ್ನು ಬಾನೆಟ್ಟಿಗೆ ಹಿಂದಿರುಗಿಸುವ ವಿದ್ಯೆ ಎಲ್ಲಿಯೂ ಇಲ್ಲ. ಆದ್ದರಿಂದ ಅವನ ಎಚ್ಚರಿಕೆ ಪಂಡಿತರ ಎಚ್ಚರಿಕೆಗಿಂತಲೂ ಒಂದು ಪಾಲು ಹೆಚ್ಚಾಗಿಯೇ ಇರಬೇಕಾಗುತ್ತದೆ.

ಕೊನೆಗೆ ಬಾನೆಟ್ಟಿನ ವಿಚಾರ ಬಂದಿತು. ಥಿನ್ನರು ಹಾಕಿದವನು ಒಡೆಯನೇ. ಆದರೆ ಕಾವಿ ಬೀಳದಿದ್ದರೆ ಅವನು ಡಬ್ಬಿಗೆ ಕೈಯಿಡುತ್ತಿರಲಿಲ್ಲ. ಗನ್ನು ಹಿಡಿದವನು ಹುಡುಗ. ಆದರೆ ಗಾಳಿಯ ದಿನ ಬೀದಿಯಲ್ಲಿ ಹೊಡೆಯೆಂದವನು ಯಜಮಾನ. ಇಂಥಲ್ಲಿ ಅಪರಾಧವನ್ನು ಒಬ್ಬನ ತಲೆಗೆ ಕಟ್ಟುವುದು, ಮೂರು ಪದರಗಳನ್ನೂ ಒಟ್ಟಿಗೆ ಕೆರೆದುಹಾಕಿದಂತೆ. ಮೇಸ್ತ್ರಿಯ ತೀರ್ಮಾನವನ್ನು ಮೂವರೂ ಒಪ್ಪಿದರು. ಬಣ್ಣದ ಸಾಮಾನಿನ ಖರ್ಚು ಯಜಮಾನನದು, ತಿಕ್ಕಿ ಸಮಮಾಡುವ ಶ್ರಮ ಹುಡುಗನದು, ನಾಲ್ಕು ದಿನದ ಬಾಡಿಗೆಯ ನಷ್ಟ ಒಡೆಯನದು. ಬಣ್ಣ ಹೊಡೆದದ್ದಕ್ಕೆ ತಮ್ಮ ಕೂಲಿಯನ್ನು ಮೇಸ್ತ್ರಿ ಅರ್ಧಕ್ಕೆ ಇಳಿಸಿಕೊಂಡರು.

ಹೊಸ ಬಿಳುಪು ಹಳೆಯ ಬಿಳುಪಿನೊಡನೆ ಪೂರ್ತಿಯಾಗಿ ಹೊಂದಲಿಲ್ಲ. ಸಂಜೆಯ ಓರೆ ಬಿಸಿಲಿನಲ್ಲಿ ಈಗಲೂ ನೋಡುವವರಿಗೆ ಅದು ತಿಳಿಯುತ್ತದೆ. ಬಾಗಿಲುಗಳನ್ನಾದರೋ ಹೊಸಬರು ಯಾರು ನೋಡಿದರೂ ಅವುಗಳ ಮೇಲೆ ಒಂದು ದಿನ ಕಾವಿ ಬಿದ್ದಿತ್ತೆಂದು ಊಹಿಸಲಾರರು. ಶ್ರಾವಣದ ಮದುವೆಗೆ ಆ ಕಾರು ಹೋಯಿತು. ಬಾನೆಟ್ಟಿನ ಮೇಲೆ ಸೇವಂತಿಗೆಯ ಹಾರಗಳು ತುಂಬಿದ್ದುದರಿಂದ ಬಿಳುಪಿನ ವ್ಯತ್ಯಾಸವನ್ನು ಬೀಗರು ಯಾರೂ ಗಮನಿಸಲಿಲ್ಲ.

ಕೆಸರನ್ನು ಮೆಟ್ಟಿ ಕಾಲು ತೊಳೆಯುವುದಕ್ಕಿಂತ ದೂರದಿಂದಲೇ ಮೆಟ್ಟದೆ ಹೋಗುವುದು ಲೇಸೆಂದು ಪಂಕಪ್ರಕ್ಷಾಲನನ್ಯಾಯ ಹೇಳುತ್ತದೆ. ಗಾಳಿಯ ದಿನ ಸಿಂಪಡಿಸದಿರುವುದು, ಸಿಂಪಡಿಸಲೇಬೇಕಾದರೆ ಗೇಟಿನ ಹಿಂದೆ ತಾಡಪತ್ರೆ ಕಟ್ಟುವುದು, ಪಕ್ಕದಲ್ಲಿ ನಿಂತ ಗಾಡಿಯ ಒಡೆಯನಿಗೆ ಒಂದು ಮಾತು ಹೇಳುವುದು. ಇವು ಮೂರು ಸಂಜೆಯ ಶ್ರಮಕ್ಕಿಂತ ಸುಲಭವಾದುವು. ಆದರೆ ಲೋಕದಲ್ಲಿ ಎಲ್ಲರೂ ಎಲ್ಲ ದಿನವೂ ತಾಡಪತ್ರೆ ಕಟ್ಟಿಯೇ ಕೆಲಸ ಮಾಡುವರೆಂದು ನಂಬಿರಲಾಗದು. ಗಾಳಿ ಬೀಸುತ್ತದೆ, ಒಬ್ಬರಿಗೆಂದು ಹೊರಟುದು ಇನ್ನೊಬ್ಬರ ಮೇಲೆ ಬೀಳುತ್ತದೆ. ಬಿದ್ದಾಗ ಉಗ್ರವಾದ ಡಬ್ಬಿಗೆ ಕೈಹಾಕುವ ಮನಸ್ಸಾಗುವುದು ಮನುಷ್ಯಸಹಜ. ತೆಗೆಯುವ ಅಧಿಕಾರವಾದರೋ, ಏನನ್ನು ಉಳಿಸಬೇಕೆಂದು ಬಲ್ಲವನಿಗೆ ಸೇರಿದುದು. ಈಗ ಆ ಹುಡುಗನು ವೆಲ್ಡಿಂಗ್ ಅಂಗಡಿಯ ಕೆಲಸ ಮುಗಿದ ಮೇಲೆ ಸಂಜೆಯ ಹೊತ್ತು ಮೇಸ್ತ್ರಿಯ ಶೆಡ್ಡಿನಲ್ಲಿ ಕೆಲಸ ಕಲ್ಲಿಯುತ್ತಿದ್ದಾನೆಂದು ತಿಳಿದುಬರುತ್ತದೆ. ಅವನ ಕೈಗೆ ಗನ್ನನ್ನು ಅವರು ಇನ್ನೂ ಕೊಟ್ಟಿಲ್ಲವಂತೆ. ಕ್ಲೇಯನ್ನು ಮಾತ್ರ ಕೊಟ್ಟಿದ್ದಾರಂತೆ.